ಗೊತ್ತಿದ್ದೂ ತಡೆಯಲಾಗದ ಗೋಲು

ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಐಸ್ ಹಾಕಿಯಲ್ಲಿ ಚೆಂಡಿಲ್ಲ, ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ ಇದೆ. ಅದರ ತೂಕ 156ರಿಂದ 170 ಗ್ರಾಂ. ಒಂದು ನಮ್ಮ ಕೊಡಗಿನ ಮೈದಾನಗಳಲ್ಲಿ ಪುಟಿಯುತ್ತದೆ, ಇನ್ನೊಂದು ಕೆನಡಾದ ಮಂಜುಗಡ್ಡೆಯ ಮೇಲೆ ಜಾರುತ್ತದೆ. ಆದರೂ ಎರಡನ್ನೂ ತಕ್ಕಡಿಯ ಎರಡು ತಟ್ಟೆಗೆ ಹಾಕಿದರೆ ಮುಳ್ಳು ಹೆಚ್ಚುಕಡಿಮೆ ನೆಟ್ಟಗೇ ನಿಲ್ಲುತ್ತದೆ! ಈ ಒಂದು ಸಂಗತಿ ಕಣ್ಣಿಗೆ ಬಿದ್ದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಎರಡೂ ಆಟಗಳ ಮಹಾ ಗೋಲುಗಾರರನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತ ಹೋದೆ. ನೋಡಿದಷ್ಟೂ ಬೆರಗು ಹೆಚ್ಚುತ್ತಲೇ ಹೋಯಿತು. ಒಂದೇ ಆಗಿರುವುದು ತೂಕವಷ್ಟೇ ಅಲ್ಲ, ಗುಟ್ಟೂ ಒಂದೇ. ಈ ಗೋಲುಗಾರರು ಎದುರಾಳಿಯಿಂದ ಏನನ್ನೂ ಬಚ್ಚಿಡುವುದಿಲ್ಲ. ಎಲ್ಲಿ ನಿಲ್ಲುತ್ತಾರೆ, ಯಾವ ಗಳಿಗೆಯಲ್ಲಿ ಹೊಡೆಯುತ್ತಾರೆ ಎಂಬುದು ಮೈದಾನದಲ್ಲಿರುವ ಎಲ್ಲರಿಗೂ, ಟಿವಿ ಮುಂದೆ ಕೂತ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ತಡೆಯಲಾಗದು!

2025ರ ಏಪ್ರಿಲ್ 6ನ್ನೇ ತೆಗೆದುಕೊಳ್ಳಿ. ನ್ಯೂಯಾರ್ಕ್ ಪಕ್ಕದ ಎಲ್ಮಾಂಟ್‌ನಲ್ಲಿ ಭಾನುವಾರ ಮಧ್ಯಾಹ್ನ. ನಮ್ಮೂರು ಕುಣಿಗಲ್‌ನಲ್ಲಿ ಅದೇ ಭಾನುವಾರದ ರಾತ್ರಿ, ಹೆದ್ದಾರಿ ಬದಿಯ ಹೋಟೆಲುಗಳನ್ನು ಬಿಟ್ಟರೆ ಊರು ಮಲಗುವ ಹೊತ್ತು. ವಾಷಿಂಗ್ಟನ್ ಕ್ಯಾಪಿಟಲ್ಸ್ ಮತ್ತು ನ್ಯೂಯಾರ್ಕ್ ಐಲ್ಯಾಂಡರ್ಸ್ ನಡುವಿನ ಪಂದ್ಯ. ಅಲ್ಲಿ ಸೇರಿದ್ದ ಸಾವಿರಾರು ಜನರ ಕಣ್ಣು ನೆಟ್ಟಿದ್ದು ಒಂದೇ ಜಾಗದ ಮೇಲೆ. ಅದು ಗೋಲಿನ ಎಡಬದಿಗೆ ಮಂಜುಗಡ್ಡೆಯ ಮೇಲೆ ಬರೆದಿರುವ ಕೆಂಪು ವೃತ್ತ. ಅಲ್ಲಿ ನಿಂತವರು 39 ವರ್ಷದ ಅಲೆಕ್ಸಾಂಡರ್ ಒವೆಚ್ಕಿನ್. ಎರಡನೇ ಅವಧಿ ಶುರುವಾಗಿ 7 ನಿಮಿಷ 26 ಸೆಕೆಂಡು. ಟಾಮ್ ವಿಲ್ಸನ್ ಪಾಸ್ ಕೊಟ್ಟರು, ಒವೆಚ್ಕಿನ್ ಅದೇ ವೃತ್ತದಿಂದ ಹೊಡೆದರು, ಗೋಲ್‌ಕೀಪರ್ ಇಲ್ಯಾ ಸೊರೋಕಿನ್ ಕೈಕಾಲು ಅಗಲಿಸುವಷ್ಟರಲ್ಲಿ ಪಕ್ ಬಲೆಯೊಳಗೆ! ಮೂವತ್ತೊಂಬತ್ತರ ಆ ಮನುಷ್ಯ ಹೊಟ್ಟೆಯ ಮೇಲೆ ಬಿದ್ದು ಮಂಜುಗಡ್ಡೆಯುದ್ದಕ್ಕೂ ಮಗುವಿನ ಹಾಗೆ ಜಾರಿಕೊಂಡು ಹೋದರು. ಅದು ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅವರ 895ನೇ ಗೋಲು. ಬಹಳ ಕಾಲ ವೇನ್ ಗ್ರೆಟ್ಸ್‌ಕಿ ಅವರ 894 ಯಾರೂ ಮುಟ್ಟಲಾಗದ ಅಂಕಿ ಎಂದೇ ಎಲ್ಲರೂ ನಂಬಿದ್ದರು.

ಇನ್ನೂ ಕೇಳಿ. ಗ್ರೆಟ್ಸ್‌ಕಿ ಲೀಗಿನಲ್ಲಿ ಆಡಿದ ಒಟ್ಟು ಪಂದ್ಯಗಳು 1,487. ಒವೆಚ್ಕಿನ್ 895ನೇ ಗೋಲು ಹೊಡೆದದ್ದು ತಮ್ಮ 1,487ನೇ ಪಂದ್ಯದಲ್ಲಿ! ಲೆಕ್ಕ ಹಾಕಿ ಇಟ್ಟರೂ ಹೀಗೆ ಕೂಡಿಬರುವುದಿಲ್ಲ. ಅದೇ ಸೀಸನ್ನಿನ ನವೆಂಬರ್‌ನಲ್ಲಿ ಅವರ ಕಾಲಿನ ಮೂಳೆ ಮುರಿದಿತ್ತು, 16 ಪಂದ್ಯ ಹೊರಗೆ ಕೂರಬೇಕಾಯಿತು. ವಾಪಸ್ ಬಂದವರು ಆ ಸೀಸನ್ ಮುಗಿಸುವಾಗ 44 ಗೋಲು ಹೊಡೆದಿದ್ದರು. 2025ರ ನವೆಂಬರ್‌ನಲ್ಲಿ 900 ದಾಟಿದರು. ಒವೆಚ್ಕಿನ್ ಅವರಿಂದ ಗೋಲು ತಿಂದ 183ನೇ ಗೋಲ್‌ಕೀಪರ್ ಸೊರೋಕಿನ್. ನೂರ ಎಂಬತ್ತಮೂರು ಜನ! ಎಡಬದಿಯ ವೃತ್ತವನ್ನು ಕಾಯಬೇಕು ಎಂಬುದು ಗುಟ್ಟೇನೂ ಆಗಿರಲಿಲ್ಲ. ಇಪ್ಪತ್ತು ವರ್ಷ ಅದೇ ಜಾಗ, ಅದೇ ಬಲಗೈ ಹೊಡೆತ. ಅವರ ಗೋಲುಗಳಲ್ಲಿ ದೊಡ್ಡ ಪಾಲು ಬಂದದ್ದು ಅಲ್ಲಿಂದಲೇ.

ಹಾಗಾದರೆ ಗ್ರೆಟ್ಸ್‌ಕಿ ನಿಲ್ಲುತ್ತಿದ್ದುದು ಎಲ್ಲಿ? ಕೇಳಿದರೆ ನಂಬುವುದಿಲ್ಲ. ಗೋಲಿನ ಹಿಂದೆ! ಐಸ್ ಹಾಕಿಯಲ್ಲಿ ಗೋಲಿನ ಬಲೆಯ ಹಿಂದೆಯೂ ಆಡಲು ಜಾಗವಿರುತ್ತದೆ. ಎಲ್ಲರೂ ಗೋಲಿನ ಮುಂದೆ ನುಗ್ಗಾಡುತ್ತಿದ್ದಾಗ ಗ್ರೆಟ್ಸ್‌ಕಿ ಹಿಂದೆ ಹೋಗಿ ನಿಂತುಬಿಡುತ್ತಿದ್ದರು. ಅದಕ್ಕೆ ಅವರ ಆಫೀಸು ಎಂದೇ ಹೆಸರು ಬಿತ್ತು. ಗೋಲ್‌ಕೀಪರ್ ಕತ್ತು ಹೊರಳಿಸಿ ಹಿಂದೆ ನೋಡಬೇಕು, ಮುಂದಿನವರನ್ನೂ ಕಾಯಬೇಕು. ಎಡಕ್ಕೆ ಬರುತ್ತಾರೋ, ಬಲಕ್ಕೋ, ಪಾಸ್ ಕೊಡುತ್ತಾರೋ? ತೆಳ್ಳಗಿನ ಆಳು, ಡಿಕ್ಕಿ ಹೊಡೆದು ಗೆಲ್ಲುವ ಮೈಕಟ್ಟೇ ಅಲ್ಲ. ಅವರ ಬಲವೆಲ್ಲ ನೋಟದಲ್ಲಿತ್ತು. ಕೆನಡಾದ ಬ್ರ್ಯಾಂಟ್‌ಫರ್ಡ್ ಎಂಬ ಊರಿನಲ್ಲಿ ಅಪ್ಪ ವಾಲ್ಟರ್ ಮನೆಯ ಹಿತ್ತಲಿಗೆ ಚಳಿಗಾಲದಲ್ಲಿ ನೀರು ಹರಿಸಿ ಹೆಪ್ಪುಗಟ್ಟಿಸುತ್ತಿದ್ದರು. ಮಗನ ಮೊದಲ ಮೈದಾನ ಆ ಹಿತ್ತಲು. ಟಿವಿಯಲ್ಲಿ ಪಂದ್ಯ ಬಂದಾಗ ಹುಡುಗ ವೇನ್ ಕೈಗೆ ಕಾಗದ ಪೆನ್ಸಿಲ್ಲು ತೆಗೆದುಕೊಂಡು, ಕಾಗದದ ಕಡೆ ನೋಡದೆ, ಪಕ್ ಹೋದ ದಾರಿಯನ್ನೆಲ್ಲ ಗೀಚುತ್ತಿದ್ದನಂತೆ. ಪಂದ್ಯ ಮುಗಿದಾಗ ಗೆರೆಗಳು ಎಲ್ಲಿ ದಟ್ಟವಾಗಿವೆಯೋ ಅಲ್ಲಿ ಆಟ ಹೆಚ್ಚು ನಡೆದಿದೆ ಎಂದರ್ಥ. ಎಂಥ ಪಾಠ ನೋಡಿ! ಹತ್ತನೇ ವಯಸ್ಸಿನಲ್ಲಿ ಆ ಹುಡುಗ ಒಂದೇ ಸೀಸನ್ನಿನಲ್ಲಿ 378 ಗೋಲು ಹೊಡೆದ.

ದೊಡ್ಡವರಾದ ಮೇಲೆ 1981-82ರಲ್ಲಿ 80 ಪಂದ್ಯಗಳಲ್ಲಿ 92 ಗೋಲು. ಆ ಅಂಕಿಯನ್ನು ಇಂದಿಗೂ ಯಾರೂ ದಾಟಿಲ್ಲ. ಅದೇ ಸೀಸನ್ನಿನಲ್ಲಿ ನಡೆದ ಒಂದು ರಾತ್ರಿಯ ಕತೆ ನನಗೆ ಅದಕ್ಕಿಂತ ಹೆಚ್ಚು ಇಷ್ಟ. ಐವತ್ತು ಪಂದ್ಯಗಳಲ್ಲಿ ಐವತ್ತು ಗೋಲು ಎಂಬುದು ಆ ಆಟದ ಶಿಖರ. 1944-45ರಲ್ಲಿ ಮಾಂಟ್ರಿಯಲ್‌ನ ಮೊರೀಸ್ ರಿಚರ್ಡ್ ಮೊದಲು ಏರಿದ್ದು, ಮೂವತ್ತಾರು ವರ್ಷದ ನಂತರ ಮೈಕ್ ಬಾಸಿ ಏರಿದ್ದು. 1981ರ ಡಿಸೆಂಬರ್ 30ಕ್ಕೆ ಗ್ರೆಟ್ಸ್‌ಕಿ 38 ಪಂದ್ಯ ಆಡಿ 45 ಗೋಲು ಹೊಡೆದಿದ್ದರು. ಐವತ್ತಕ್ಕೆ ಇನ್ನೂ ಹನ್ನೆರಡು ಪಂದ್ಯ ಕೈಯಲ್ಲಿತ್ತು. ಅವಸರವೇನೂ ಇರಲಿಲ್ಲ. ಅಂದು ರಾತ್ರಿ ಫಿಲಡೆಲ್ಫಿಯಾ ವಿರುದ್ಧ ಐದು ಗೋಲು ಹೊಡೆದುಬಿಟ್ಟರು! ಮೂವತ್ತೊಂಬತ್ತನೇ ಪಂದ್ಯಕ್ಕೇ ಐವತ್ತು.

ಈ ಆಟದ ಚರಿತ್ರೆಯಲ್ಲಿ ಎಲ್ಲಿ ಅಗೆದರೂ ಇಂಥದ್ದೇ ಸಿಗುತ್ತದೆ. 1920ರ ಜನವರಿ 31ರಂದು ಕ್ವಿಬೆಕ್‌ನ ಜೋ ಮಲೋನ್ ಒಂದೇ ಪಂದ್ಯದಲ್ಲಿ ಏಳು ಗೋಲು ಹೊಡೆದರು, ಶತಮಾನ ದಾಟಿದರೂ ಅದು ಹಾಗೇ ನಿಂತಿದೆ. 1952ರಲ್ಲಿ ಷಿಕಾಗೋದ ಬಿಲ್ ಮೊಸಿಯೆಂಕೊ 21 ಸೆಕೆಂಡುಗಳಲ್ಲಿ ಮೂರು ಗೋಲು ಹೊಡೆದರು. ಗೋರ್ಡಿ ಹೋವ್ ಅವರದು ಇನ್ನೊಂದು ಲೋಕ. 1946ರಲ್ಲಿ ಲೀಗಿಗೆ ಕಾಲಿಟ್ಟವರು 1980ರಲ್ಲೂ ಆಡುತ್ತಿದ್ದರು. ಆ ಕೊನೆಯ ಸೀಸನ್ನಿನಲ್ಲಿ ಅವರಿಗೆ 52 ತುಂಬಿತು. ಇಬ್ಬರು ಗಂಡುಮಕ್ಕಳೂ ಅದೇ ತಂಡದಲ್ಲಿದ್ದರು. ಆದರೂ 80 ಪಂದ್ಯ ಆಡಿದರು, 15 ಗೋಲು ಹೊಡೆದರು. ಅವರ 801 ಗೋಲುಗಳ ದಾಖಲೆಯನ್ನೇ ಗ್ರೆಟ್ಸ್‌ಕಿ 1994ರ ಮಾರ್ಚ್ 23ರಂದು ಮುರಿದದ್ದು.

ಮಾರಿಯೊ ಲೆಮ್ಯೂ ಅವರ ಹೆಸರನ್ನು ಮಾತ್ರ ಬೇಗ ದಾಟಲು ನನ್ನಿಂದಾಗದು. 1993ರ ಜನವರಿಯಲ್ಲಿ ಅವರಿಗೆ ಹಾಡ್ಜ್‌ಕಿನ್ಸ್ ಎಂಬ ಕ್ಯಾನ್ಸರ್ ಇರುವುದು ಗೊತ್ತಾಯಿತು. ವಿಕಿರಣ ಚಿಕಿತ್ಸೆ ನಡೆಯಿತು. ಮಾರ್ಚ್ 2ರ ಬೆಳಿಗ್ಗೆ ಕೊನೆಯ ಚಿಕಿತ್ಸೆ. ಅಂದೇ ವಿಮಾನ ಹತ್ತಿ ಫಿಲಡೆಲ್ಫಿಯಾಕ್ಕೆ ಹೋದರು, ಅಂದೇ ರಾತ್ರಿ ಆಡಿದರು, ಅಂದೇ ಗೋಲು ಹೊಡೆದರು! ಎದುರಾಳಿ ಊರಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಸೀಸನ್ನಿನಲ್ಲಿ ಪೈಪೋಟಿಗಾರರಿಗಿಂತ ಎಷ್ಟೋ ಕಡಿಮೆ ಪಂದ್ಯ ಆಡಿಯೂ ಲೀಗಿನ ಅಗ್ರ ಅಂಕಗಾರರಾಗಿ ಮುಗಿಸಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಷ್ಟೆಲ್ಲ ಗೋಲು ಹೊಗಿಸಿದ್ದು ಎಷ್ಟು ದೊಡ್ಡ ಬಾಗಿಲಿಗೆ ಅಂದುಕೊಂಡಿರಿ? ಐಸ್ ಹಾಕಿಯ ಗೋಲಿನ ಅಗಲ 1.83 ಮೀಟರ್, ಎತ್ತರ 1.22 ಮೀಟರ್. ಅದರ ಮುಂದೆ ಎದೆಗೆ, ಕೈಗೆ, ಕಾಲಿಗೆ ಪ್ಯಾಡು ಕಟ್ಟಿಕೊಂಡ ದೈತ್ಯ ಕೂತಿರುತ್ತಾನೆ. ಬಲೆ ಕಾಣುವುದೇ ಅವನ ಕಂಕುಳು, ಮೊಣಕಾಲು, ಭುಜದ ಸಂದಿಗಳಲ್ಲಿ. ಅಷ್ಟರೊಳಗೆ ಪಕ್ ಹೋಗಬೇಕು. ಹೋಗುವ ವೇಗ ಹೇಗಿರುತ್ತದೆ? ನಮ್ಮ ಕುಣಿಗಲ್ಲಿನವರಿಗೆ ವೇಗ ಅಂದರೆ ಕುದುರೆ ಫಾರಂ. ಟಿಪ್ಪು ಕಾಲದಿಂದ ಕುದುರೆ ಸಾಕಿದ ನೆಲ ಇದು. ಇಲ್ಲಿ ಹುಟ್ಟಿದ ಮರಿಗಳು ರೇಸ್‌ಕೋರ್ಸಿನಲ್ಲಿ ಗಂಟೆಗೆ ಅರವತ್ತು ಕಿಲೋಮೀಟರಿನ ಆಸುಪಾಸು ಓಡುತ್ತವೆ. 2012ರಲ್ಲಿ ಜ್ಡೆನೊ ಚಾರಾ ಎಂಬ ಆಟಗಾರ ಹೊಡೆದ ಪಕ್ ಗಂಟೆಗೆ 175 ಕಿಲೋಮೀಟರ್ ವೇಗದಲ್ಲಿ ಹೋಯಿತು. ಕುದುರೆಯ ಮೂರು ಪಟ್ಟು ಹತ್ತಿರ!

ಆ ಹೊಡೆತವನ್ನು ನಿಧಾನಗತಿಯ ವಿಡಿಯೊದಲ್ಲಿ ನೋಡಿದರೆ ಕಣ್ಣಿಗೆ ಕಟ್ಟಿದಂತಾಗುತ್ತದೆ. ಸ್ಟಿಕ್ ಮೊದಲು ಪಕ್‌ಗೆ ತಾಕುವುದೇ ಇಲ್ಲ. ಪಕ್‌ಗಿಂತ ಕೆಲವು ಸೆಂಟಿಮೀಟರ್ ಹಿಂದೆ ಮಂಜುಗಡ್ಡೆಗೇ ಬಡಿಯುತ್ತದೆ. ಬಡಿದ ರಭಸಕ್ಕೆ ಸ್ಟಿಕ್ಕಿನ ನಡು ಬಾಗುತ್ತದೆ, ಮುರಿದೇಹೋಯಿತು ಅನ್ನುವಷ್ಟು ಬಾಗುತ್ತದೆ. ಆಟಗಾರನ ಮೈಭಾರವೆಲ್ಲ ಆ ಬಾಗಿನಲ್ಲಿ ಒಂದು ಕ್ಷಣ ಕೂಡಿಬೀಳುತ್ತದೆ. ಆಮೇಲೆ ಸ್ಟಿಕ್ಕಿನ ತುದಿ ಪಕ್‌ಗೆ ತಾಗುತ್ತದೆ, ಬಾಗು ಬಿಚ್ಚಿಕೊಳ್ಳುತ್ತದೆ, ಕೂಡಿಟ್ಟ ಬಲವೆಲ್ಲ ಆ ರಬ್ಬರಿನ ಬಿಲ್ಲೆಯೊಳಗೆ ಇಳಿಯುತ್ತದೆ. ಪಕ್ ಪುಟಿಯದೆ ನೆಟ್ಟಗೆ ಜಾರಲೆಂದು ಪಂದ್ಯಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಮಂಜುಗಡ್ಡೆಗೂ ಉಪಚಾರ ಕಡಿಮೆಯೇನಲ್ಲ. ಜಂಬೋನಿ ಎಂಬ ಗಾಡಿ ಬಂದು ಮೇಲ್ಪದರವನ್ನು ಕೆರೆದು, ಬಿಸಿನೀರಿನ ತೆಳು ಪರದೆ ಹಾಸಿ ಹೋಗುತ್ತದೆ. ಅದು ಗಟ್ಟಿಯಾದಾಗ ನೆಲ ಹೊಸದಾಗಿರುತ್ತದೆ.

ಈಗ ಬೆಂಗಳೂರಿಗೆ ಬನ್ನಿ. ಶಾಂತಿನಗರದ ಹತ್ತಿರ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ಹೆಸರಿನ ಹಾಕಿ ಸ್ಟೇಡಿಯಂ ಇದೆ. ದೊಡ್ಡ ಪಂದ್ಯಕ್ಕೆ ಮುಂಚೆ ಹೋದರೆ ಮೊದಲು ಕಾಣುವುದೇನು? ನೀರು! ಟರ್ಫ್ ಮೇಲೆ ನೀರು ಚಿಮ್ಮಿಸುತ್ತಾರೆ. ಒದ್ದೆಯಾದರೆ ಚೆಂಡು ತಡೆಯಿಲ್ಲದೆ ಓಡುತ್ತದೆ, ಬಿದ್ದ ಆಟಗಾರನ ಮಂಡಿ ಸುಲಿಯುವುದೂ ಕಡಿಮೆ. ಅಲ್ಲಿ ನೀರು ಗಟ್ಟಿಯಾಗಿದೆ, ಇಲ್ಲಿ ಹರಿಯುತ್ತಿದೆ. ಎರಡೂ ಆಟ ನಿಂತಿರುವುದು ನೀರಿನ ಮೇಲೆಯೇ.

ಹೋಲಿಕೆ ಇಷ್ಟಕ್ಕೇ ಮುಗಿಯುವುದಿಲ್ಲ. ಐಸ್ ಹಾಕಿಯಲ್ಲಿ ಯಾರಾದರೂ ತಪ್ಪಾಟ ಆಡಿದರೆ ಎರಡು ನಿಮಿಷ ಹೊರಗೆ ಕೂರಬೇಕು, ಆ ಎರಡು ನಿಮಿಷ ಅವರ ತಂಡಕ್ಕೆ ಒಬ್ಬ ಆಳು ಕಡಿಮೆ. ಅದಕ್ಕೆ ಪವರ್ ಪ್ಲೇ ಅನ್ನುತ್ತಾರೆ. ಒವೆಚ್ಕಿನ್ 895ನೇ ಗೋಲು ಹೊಡೆದದ್ದು ಪವರ್ ಪ್ಲೇಯಲ್ಲೇ, ಪವರ್ ಪ್ಲೇ ಗೋಲುಗಳ ಲೀಗ್ ದಾಖಲೆಯೂ ಅವರದೇ. ನಮ್ಮ ಹಾಕಿಯಲ್ಲಿ ಎದುರಾಳಿ ತಮ್ಮ ಗೋಲಿನ ಮುಂದಿನ ಆವರಣದೊಳಗೆ ತಪ್ಪಾಡಿದರೆ ಪೆನಾಲ್ಟಿ ಕಾರ್ನರ್. ಗೋಲ್‌ಕೀಪರ್ ಸೇರಿ ಐದೇ ಜನ ಗೋಲು ಕಾಯಬೇಕು, ಉಳಿದವರು ಮೈದಾನದ ನಡುಗೆರೆಯ ಆಚೆಗೆ ಓಡಬೇಕು. ಎರಡು ಆಟಗಳೂ ಎದುರಾಳಿಯ ಕಾವಲುಗಾರರನ್ನು ಕಡಿಮೆ ಮಾಡಿ ಗೋಲುಗಾರನಿಗೆ ಒಂದು ಅವಕಾಶ ಕೊಡುತ್ತವೆ. ಅಂಥ ಅವಕಾಶಕ್ಕೆಂದೇ ತಯಾರಾದ ಕೈಗಳಿಂದಲೇ ಹಾಕಿಯ ಬಹುದೊಡ್ಡ ಅಂಕಿಗಳು ಬಂದಿವೆ. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಹೊಡೆದ ಅಂತರರಾಷ್ಟ್ರೀಯ ಗೋಲುಗಳು 348. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ನಾಯಕ ಹರ್ಮನ್‌ಪ್ರೀತ್ ಸಿಂಗ್ ಹತ್ತು ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಇಬ್ಬರ ಆಯುಧವೂ ಡ್ರ್ಯಾಗ್ ಫ್ಲಿಕ್. ಆ ವಿದ್ಯೆಯನ್ನು ಕರಗತ ಮಾಡಿಕೊಂಡ ಕನ್ನಡನಾಡಿನ ಹೆಸರು, ಕೊಡಗಿನ ವಿ.ಆರ್. ರಘುನಾಥ್.

ಡ್ರ್ಯಾಗ್ ಫ್ಲಿಕ್ ಹುಟ್ಟಿದ್ದರ ಹಿಂದೆ ಒಂದು ನಿಯಮವಿದೆ. ಪೆನಾಲ್ಟಿ ಕಾರ್ನರಿನಲ್ಲಿ ಮೊದಲ ಹೊಡೆತವನ್ನು ಸ್ಟಿಕ್ ಬೀಸಿ ಹೊಡೆದರೆ ಚೆಂಡು ಗೋಲುಗೆರೆ ದಾಟುವಾಗ 460 ಮಿಲಿಮೀಟರಿಗಿಂತ ಮೇಲಿರಬಾರದು. ಗೋಲಿನೊಳಗೆ ಕೆಳಗೆ ಕಾಣುವ ಹಲಗೆಯ ಎತ್ತರ ಅದು. ಕೀಪರಿಗೆ ಕೆಲಸ ಸುಲಭ, ಅಡ್ಡ ಮಲಗಿದರಾಯಿತು. ಆದರೆ ಚೆಂಡನ್ನು ಬೀಸಿ ಹೊಡೆಯದೆ ಎಳೆದು ಚಿಮ್ಮಿಸಿದರೆ ಆ ಎತ್ತರದ ಮಿತಿ ಇಲ್ಲ! ಗೋಲಿನ ಮೂಲೆ ಮೂಲೆಯೂ ತೆರೆದುಕೊಳ್ಳುತ್ತದೆ. ಒಂದು ಸಣ್ಣ ನಿಯಮದ ಸಂದಿಯಲ್ಲಿ ಇಡೀ ವಿದ್ಯೆಯೇ ಬೆಳೆದುಬಿಟ್ಟಿತು.

ಅದು ನಡೆಯುವುದನ್ನು ಗಮನವಿಟ್ಟು ನೋಡಿ. ಗೋಲುಕಂಬದಿಂದ ಕನಿಷ್ಠ ಹತ್ತು ಮೀಟರ್ ದೂರದಲ್ಲಿ, ಹಿಂಗೆರೆಯ ಮೇಲೆ ಚೆಂಡಿಟ್ಟು ಒಬ್ಬ ಆಟಗಾರ ಅದನ್ನು ಹೊರಕ್ಕೆ ತಳ್ಳುತ್ತಾನೆ. ಆವರಣದ ಗೆರೆಯ ಹೊರಗೆ, ಗೋಲಿನಿಂದ ಹದಿನೈದು ಮೀಟರಿನ ಆಸುಪಾಸು, ಇನ್ನೊಬ್ಬ ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ಚೆಂಡನ್ನು ನಿಲ್ಲಿಸುತ್ತಾನೆ. ಫ್ಲಿಕ್ ಮಾಡುವವನು ಹಿಂದಿನಿಂದ ನಾಲ್ಕಾರು ಹೆಜ್ಜೆ ಓಡಿ ಬರುತ್ತಾನೆ. ಕೊನೆಯ ಹೆಜ್ಜೆ ಬಹಳ ಉದ್ದ, ಎಡಗಾಲು ಚೆಂಡನ್ನು ದಾಟಿ ಮುಂದಕ್ಕೆ ಬೀಳುತ್ತದೆ. ಮೈ ಬಗ್ಗಿ ಬಗ್ಗಿ ಬಲಮೊಣಕಾಲು ನೆಲ ಮುಟ್ಟುವಷ್ಟು ಕೆಳಗಿಳಿಯುತ್ತದೆ. ಚೆಂಡು ಸ್ಟಿಕ್ಕಿಗೆ ಅಂಟಿಕೊಂಡೇ ಇರುತ್ತದೆ. ಹಿಡಿಯ ಕಡೆಯಿಂದ ಕೊಕ್ಕೆಯ ಕಡೆಗೆ ಉರುಳಿಕೊಂಡು ಬರುತ್ತದೆ. ಸೊಂಟ ತಿರುಗುತ್ತದೆ, ಭುಜ ತಿರುಗುತ್ತದೆ, ಕೊನೆಗೆ ಮಣಿಕಟ್ಟು ಝಾಡಿಸುತ್ತದೆ, ಚೆಂಡು ಹೋಯಿತು! ಹೊಡೆತದ ಸದ್ದೇ ಇಲ್ಲ. ಸದ್ದು ಕೇಳುವುದು ಚೆಂಡು ಗೋಲಿನ ಹಲಗೆಗೆ ಬಡಿದಾಗ. ಒಳ್ಳೆಯ ಫ್ಲಿಕ್ ಗಂಟೆಗೆ ನೂರು ಕಿಲೋಮೀಟರ್ ದಾಟುತ್ತದೆ. ಕೀಪರಿಗೆ ಸಿಗುವುದು ಅರ್ಧ ಸೆಕೆಂಡು, ಅದಕ್ಕೂ ಕಡಿಮೆ. ಆ ಅರ್ಧ ಸೆಕೆಂಡಿನಲ್ಲಿ ಒಬ್ಬ ರಕ್ಷಕ ಮುಖಕ್ಕೆ ಮಾಸ್ಕ್ ಹಾಕಿಕೊಂಡು ನೇರ ಚೆಂಡಿನ ಎದುರಿಗೇ ಓಡಿ ಬರುತ್ತಿರುತ್ತಾನೆ. ಅವನ ಎದೆಗಾರಿಕೆಯನ್ನು ಯಾವ ಅಂಕಪಟ್ಟಿಯೂ ಬರೆದಿಡುವುದಿಲ್ಲವಲ್ಲ ಎಂದು ನನಗೆ ಬೇಸರ.

ರಘುನಾಥ್ ಆಡುತ್ತಿದ್ದುದು ರಕ್ಷಣೆಯಲ್ಲಿ. ಗೋಲು ಕಾಯುವ ಆಟಗಾರನೇ ಗೋಲುಗಳ ಗಣಿ! ಭಾರತಕ್ಕಾಗಿ ಇನ್ನೂರಕ್ಕೂ ಹೆಚ್ಚು ಪಂದ್ಯ, ನೂರಕ್ಕೂ ಹೆಚ್ಚು ಗೋಲು. ಲಂಡನ್ ಮತ್ತು ರಿಯೊ, ಎರಡು ಒಲಿಂಪಿಕ್ಸ್. 2013ರಲ್ಲಿ ಮಲೇಷ್ಯಾದ ಇಪೊದಲ್ಲಿ ನಡೆದ ಏಷ್ಯಾ ಕಪ್ ಫೈನಲಿನಲ್ಲಿ ಭಾರತ ಕೊರಿಯಾಕ್ಕೆ 3-4ರಿಂದ ಸೋತಿತು, ಆದರೂ ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿದ್ದು ರಘುನಾಥ್. ಹಾಕಿ ಇಂಡಿಯಾ ಲೀಗ್ ಶುರುವಾದಾಗ ಮೊದಲ ಹರಾಜಿನಲ್ಲಿ ಉತ್ತರ ಪ್ರದೇಶದ ತಂಡ ಅವರನ್ನು 76,000 ಡಾಲರಿಗೆ ಕೊಂಡಿತು. ಕಾರಣ ಇದೇ ವಿದ್ಯೆ. ಪೆನಾಲ್ಟಿ ಕಾರ್ನರ್ ಸಿಕ್ಕಿತೆಂದರೆ ಯಾರು ಬಂದು ನಿಲ್ಲುತ್ತಾರೆ ಎಂದು ಎದುರಾಳಿಗಳಿಗೆ ಗೊತ್ತು. ಅವರಿಗಿಂತ ಮುಂಚೆ ಅದೇ ಜಿಲ್ಲೆಯ ಲೆನ್ ಅಯ್ಯಪ್ಪ ಭಾರತಕ್ಕಾಗಿ ಇದೇ ಕೆಲಸ ಮಾಡಿದ್ದರು. ಪುಟ್ಟ ಕೊಡಗಿನಿಂದ ಒಬ್ಬರ ಹಿಂದೆ ಒಬ್ಬರು!

ಆದರೆ ಪೆನಾಲ್ಟಿ ಕಾರ್ನರ್ ತಾನಾಗಿ ಬರುವುದಿಲ್ಲ, ಯಾರಾದರೂ ಗಳಿಸಿ ಕೊಡಬೇಕು. ಗಳಿಸಿ ಕೊಡುತ್ತಿದ್ದವರಲ್ಲಿ ಮುಂದಿದ್ದವರು ಯಾರು? ಎಸ್.ವಿ. ಸುನಿಲ್. ಬಲಬದಿಯಲ್ಲಿ ಅವರು ಓಡಲು ಶುರುಮಾಡಿದರೆ ರಕ್ಷಕರಿಗೆ ಹಿಡಿಯಲು ಸಿಗುತ್ತಿದ್ದುದು ಗಾಳಿ ಮಾತ್ರ. ಆವರಣದೊಳಗೆ ಗಾಬರಿಯಲ್ಲಿ ಸ್ಟಿಕ್ ಹಾಕಿದರು, ತಪ್ಪಾಯಿತು, ಸೀಟಿ ಊದಿತು, ರಘುನಾಥ್ ಬಂದರು. ಸುನಿಲ್ ಕೂಡ ಕೊಡಗಿನವರೇ. ಬಿದಿರಿನ ಕೋಲು ಹಿಡಿದು ಹಾಕಿ ಕಲಿತ ಹುಡುಗ 264 ಅಂತರರಾಷ್ಟ್ರೀಯ ಪಂದ್ಯ ಆಡಿ, ತಾನೇ 72 ಗೋಲು ಹೊಡೆದು 2021ರಲ್ಲಿ ನಿವೃತ್ತನಾದ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನ ಚಿನ್ನ ಈ ಇಬ್ಬರ ಕೊರಳಿಗೂ ಬಿತ್ತು. ಇಬ್ಬರೂ ಆಡಿದ 2007ರ ಚೆನ್ನೈ ಏಷ್ಯಾ ಕಪ್ಪಿನ ಅಂಕಿ ಕೇಳಿದರೆ ಐಸ್ ಹಾಕಿಯವರೂ ಹುಬ್ಬೇರಿಸಬೇಕು. ಇಡೀ ಟೂರ್ನಿಯಲ್ಲಿ ಭಾರತ 57 ಗೋಲು ಹೊಡೆಯಿತು, ಫೈನಲಿನಲ್ಲಿ ಕೊರಿಯಾವನ್ನು 7-2ರಿಂದ ಮಣಿಸಿತು!

ಈಗ ಭೂಪಟ ತೆಗೆಯಿರಿ. ಕುಣಿಗಲ್‌ನಿಂದ ಮಂಗಳೂರು ಹೆದ್ದಾರಿ ಹಿಡಿದು ಹಾಸನದವರೆಗೆ ಹೋಗಿ, ಅಲ್ಲಿಂದ ಅರಕಲಗೂಡು ಸೀಮೆ ದಾಟಿದರೆ ಶನಿವಾರಸಂತೆ, ಮುಂದೆ ಸೋಮವಾರಪೇಟೆ. ಕುಣಿಗಲ್‌ನ ಹಾಗೇ ತಾಲ್ಲೂಕು ಕೇಂದ್ರ, ಬಸ್‌ಸ್ಟ್ಯಾಂಡು, ಸಂತೆ, ಶಾಲೆ ಮೈದಾನ. ಸುನಿಲ್ ಈ ಊರಿನವರು. ಭಾರತ ತಂಡದ ನಾಯಕರಾಗಿದ್ದ, 2001ರಲ್ಲಿ ಜೂನಿಯರ್ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಅರ್ಜುನ್ ಹಾಲಪ್ಪ? ಈ ಊರಿನವರೇ! 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕಕ್ಕಾಗಿ ನೆದರ್‌ಲೆಂಡ್ಸ್ ವಿರುದ್ಧ ನಡೆದ ಪಂದ್ಯವನ್ನು ಭಾರತ 2-1ರಿಂದ ಗೆದ್ದಾಗ ಒಂದು ಗೋಲು ಹೊಡೆದ ಬಿ.ಪಿ. ಗೋವಿಂದ? ಅವರೂ ಈ ಊರಿನವರೇ! ಮೂರು ತಲೆಮಾರಿನ ಮೂವರು ಮುಂಚೂಣಿ ಆಟಗಾರರು, ಒಂದೇ ಸಣ್ಣ ಊರು. 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ತನ್ನ ಏಕೈಕ ಹಾಕಿ ವಿಶ್ವಕಪ್ ಗೆದ್ದಾಗಲೂ ಗೋವಿಂದ ಆ ತಂಡದಲ್ಲಿದ್ದರು. ಮ್ಯೂನಿಕ್‌ನಲ್ಲಿ ಅವರ ಜೊತೆ ಆಡಿದ ಎಂ.ಪಿ. ಗಣೇಶ್ ಮರುವರ್ಷವೇ ನಾಯಕರಾಗಿ ಭಾರತವನ್ನು ವಿಶ್ವಕಪ್ ಫೈನಲ್‌ಗೆ ಕರೆದೊಯ್ದರು. ಅವರೂ ಕೊಡಗಿನವರು. ಮಾಸ್ಕೊ ಒಲಿಂಪಿಕ್ಸ್‌ನ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಕೊಡಗಿನವರು. ಗೋಲು ಹೊಡೆಯುವವರಷ್ಟೇ ಅಲ್ಲ, ತಡೆಯುವವರೂ ಅಲ್ಲಿಯವರೇ, ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ. ನಮ್ಮ ಪಠ್ಯಪುಸ್ತಕಗಳಲ್ಲಿ ಗೋವಿಂದ ಅವರ ಆ ಗೋಲಿಗೆ ಒಂದು ಪುಟ ಸಿಗಲೇಬೇಕು ಎಂಬುದು ನನ್ನ ಹಟ.

ಇದು ಹೇಗೆ ಸಾಧ್ಯವಾಯಿತು? ಒಂದು ಸುಳಿವು ಗ್ರೆಟ್ಸ್‌ಕಿಯ ಹಿತ್ತಲಿನಲ್ಲಿದೆ. ಕೆನಡಾದಲ್ಲಿ ಮಗುವಿಗೆ ಸ್ಟಿಕ್ ಕೊಡುವುದು ಕ್ಲಬ್ಬಲ್ಲ, ಮನೆ. ಕೊಡಗಿನಲ್ಲೂ ಹಾಗೇ. 1997ರಲ್ಲಿ ಕರಡ ಎಂಬ ಹಳ್ಳಿಯಲ್ಲಿ ಪಾಂಡಂಡ ಕುಟ್ಟಪ್ಪ ಅವರು ಒಂದು ಟೂರ್ನಿ ಶುರುಮಾಡಿದರು. ತಂಡಗಳು ಊರಿನವಲ್ಲ, ಕಾಲೇಜಿನವಲ್ಲ, ಮನೆತನದವು. ಒಂದೇ ಮನೆಹೆಸರಿನ ಅಜ್ಜ, ಮೊಮ್ಮಗ, ಅಕ್ಕ, ತಮ್ಮ ಎಲ್ಲ ಸೇರಿ ಒಂದು ತಂಡ. ಆ ವರ್ಷ ಬಂದವು 60 ಕುಟುಂಬಗಳು. ಆಮೇಲೆ ಪ್ರತಿ ಸಲ ಒಂದೊಂದು ಮನೆತನ ಹೊಣೆ ಹೊತ್ತು, ಕಪ್ಪಿಗೆ ತನ್ನ ಹೆಸರಿಟ್ಟು ನಡೆಸುತ್ತ ಬಂತು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ ಆಡಿದ ತಂಡಗಳು 360! ಗಿನ್ನೆಸ್ ದಾಖಲೆಗೆ ಸೇರಿತು. ಗೋರ್ಡಿ ಹೋವ್ ಐವತ್ತೆರಡರಲ್ಲಿ ಮಕ್ಕಳ ಜೊತೆ ಆಡಿದ್ದನ್ನು ಜಗತ್ತು ಇಂದಿಗೂ ಕತೆ ಮಾಡಿ ಹೇಳುತ್ತದೆ, ಕೊಡಗಿನಲ್ಲಿ ತಂದೆ ಮಗ ಒಂದೇ ತಂಡದಲ್ಲಿ ಆಡುವುದು ಬೇಸಿಗೆಯ ದಿನಚರಿ.

ಮಂಜುಗಡ್ಡೆಯ ಹಾಕಿಯೂ ನಮ್ಮ ದೇಶಕ್ಕೆ ಹೊರಗಿನದಾಗಿ ಉಳಿದಿಲ್ಲ. ಲಡಾಖ್, ಸ್ಪಿತಿಯ ಹೆಪ್ಪುಗಟ್ಟಿದ ಕೆರೆ ಕೊಳಗಳಲ್ಲಿ ಕಲಿತ ಹುಡುಗಿಯರ ಭಾರತ ತಂಡ 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್ಪಿನಲ್ಲಿ ಕಂಚು ಗೆದ್ದಿತು.

ಕೊಡಗಿನ ಕೌಟುಂಬಿಕ ಕಪ್ಪು ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳಿನಲ್ಲಿ ನಡೆಯುತ್ತದೆ, ಶಾಲೆಗಳಿಗೆ ರಜೆ ಇರುವ ಕಾಲ. ಮಕ್ಕಳನ್ನು ಕರೆದುಕೊಂಡು ಹೋಗಿ. ಕೂರುವ ಜಾಗ ಆರಿಸುವಾಗ ನಡುಗೆರೆಯ ಹತ್ತಿರ ಹೋಗಬೇಡಿ, ಗೋಲಿನ ಹಿಂಭಾಗದ ಕಡೆಗೆ, ಬಲೆಯಿಂದ ಆಚೆಗೆ ಸುರಕ್ಷಿತ ದೂರದಲ್ಲಿ ಕೂತುಕೊಳ್ಳಿ. ಪೆನಾಲ್ಟಿ ಕಾರ್ನರಿಗೆ ಸೀಟಿ ಊದಿದಾಗ ಎಲ್ಲರೂ ಚೆಂಡನ್ನೇ ನೋಡುತ್ತಾರೆ. ನೀವು ಹೊಡೆಯುವವನ ಎಡಗಾಲು ನೋಡಿ. ಅದು ಚೆಂಡನ್ನು ದಾಟಿ ಎಲ್ಲಿ ಬೀಳುತ್ತದೆ, ಪಾದದ ತುದಿ ಯಾವ ಮೂಲೆಗೆ ತಿರುಗಿದೆ ಎಂದು ಗುರುತಿಸಿ, ಚೆಂಡು ಎತ್ತ ಹೋಗುತ್ತದೆಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಆಮೇಲೆ ಕೀಪರ್ ಎತ್ತ ಹಾರುತ್ತಾನೆ ನೋಡಿ!